ಎಲೆ ಹಾಸಿದ ಹಲಗೆ

“ಗುರುಗಳೇ, ಇಂಗ್ಲಿಷಿನ ಬೋರ್ಡ್ ಎಂಬ ಮಾತಿಗೆ ಕೋಶದಲ್ಲಿ ಹಲಗೆ ಎಂದಿದೆ, ಊಟ ಎಂದಿದೆ, ಆಡಳಿತ ಮಂಡಳಿ ಎಂದೂ ಇದೆ. ಮೊದಲು ಹುಟ್ಟಿದ್ದು ಹಲಗೆಯಂತೆ. ಹಾಗಾದರೆ ಅದೊಂದೇ ನಿಜವಾದ ಅರ್ಥ, ಉಳಿದವೆಲ್ಲ ತಪ್ಪಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಬಡಗಿ ಒಬ್ಬ ವರ್ತಕನ ಮನೆಗೆ ಬಾಗಿಲು ಮಾಡಿದ. ಅದು ಚೌಕಟ್ಟಿಗಿಂತ ಒಂದು ಗೇಣು ಗಿಡ್ಡವಾಯಿತು. ವರ್ತಕ ಬೇಡವೆಂದ. ಬಾಗಿಲು ಬಡಗಿಯ ಅಂಗಳದಲ್ಲೇ ಬಿದ್ದಿತ್ತು. ಗಂಡನನ್ನು ಕಳೆದುಕೊಂಡಿದ್ದ ಒಬ್ಬ ಹೆಂಗಸು ಅದನ್ನು ಕೇಳಿದಾಗ, “ಒಯ್ಯಿ ತಾಯಿ, ಅಂಗಳವಾದರೂ ಖಾಲಿಯಾಗಲಿ” ಎಂದ.

ಆಕೆ ಅದನ್ನು ಎರಡು ಕಲ್ಲುಗಳ ಮೇಲೆ ಹಾಸಿ, ದಾರಿಹೋಕರಿಗೆ ಮುದ್ದೆ ಸಾರು ಬಡಿಸತೊಡಗಿದಳು. ಮನೆಯ ಒಲೆ ಆ ಸಂಪಾದನೆಯಿಂದಲೇ ಉರಿಯಿತು. ಜನ ಊಟಕ್ಕೆ ಹೊರಟರೆ ‘ಹಲಗೆಗೆ ಹೋಗಿ ಬರುತ್ತೇವೆ’ ಎನ್ನುವಂತಾದರು.

ಕೆಲವು ವರ್ಷಗಳ ಮೇಲೆ, ಅದೇ ಅಳತೆಯ ಬಾಗಿಲು ಬೇಕೆಂದು ಒಬ್ಬ ರೈತ ಬಂದ. ಬಡಗಿ ನೇರವಾಗಿ ಆಕೆಯ ಮನೆಗೆ ನಡೆದ.

“ನಾನು ಬಾಗಿಲೆಂದು ಮಾಡಿದ್ದು. ಅದು ಬಾಗಿಲೇ. ಕೊಡು.”

“ಅದಕ್ಕೂ ಮೊದಲು ಅದು ಹಲಸಿನ ಮರವಾಗಿತ್ತಲ್ಲ, ಅಣ್ಣಾ? ಒಯ್ದು ನೆಟ್ಟು ನೀರು ಹಾಕು. ಹಣ್ಣು ಬಿಟ್ಟರೆ ನನಗೂ ನಾಲ್ಕು ತೊಳೆ ಕಳಿಸು.”

ಉಣ್ಣುತ್ತಿದ್ದವರೆಲ್ಲ ನಕ್ಕರು. ಆಕೆ ಮಾತ್ರ ನಗಲಿಲ್ಲ. ಹಲಗೆ ಹೋದರೆ ಅವಳ ಅನ್ನವೂ ಹೋಗುತ್ತಿತ್ತು.

ನ್ಯಾಯ ಹೇಳಲು ಊರ ಹಿರಿಯರು ಬಂದು ಹಲಗೆಯ ಸುತ್ತಲೇ ಕುಳಿತರು. “ಮಾಡಿದವನು ಬಡಗಿ, ಒಯ್ಯಲಿ. ಆದರೆ ಉಣ್ಣುವವರ ಎಲೆ ಎತ್ತುವ ಪದ್ಧತಿ ನಮ್ಮಲ್ಲಿಲ್ಲ. ಒಂದು ಎಲೆ ಇರುವ ತನಕವೂ ಹಲಗೆ ಮುಟ್ಟಕೂಡದು” ಎಂದರು. ಎಂದವರು ತಮಗೂ ಎಲೆ ಹಾಕಿಸಿಕೊಂಡರು.

ಬಡಗಿ ಕಾದ. ಒಬ್ಬರು ಏಳುವಷ್ಟರಲ್ಲಿ ಇನ್ನೊಬ್ಬರು ಕೂರುತ್ತಿದ್ದರು. ಅವನಿಗೂ ಹಸಿವಾಯಿತು. ಆಕೆ ಅವನ ಮುಂದೆಯೂ ಎಲೆ ಹಾಕಿದಳು. ಬಡಗಿ ಉಂಡ. ಸಾರನ್ನು ಮತ್ತೊಮ್ಮೆ ಕೇಳಿ ಹಾಕಿಸಿಕೊಂಡ. ಆಮೇಲೆ ಹಲಗೆಯನ್ನು ಅಲ್ಲಾಡಿಸಿ ನೋಡಿ, “ಈ ಕಲ್ಲು ಸರಿಯಿಲ್ಲ ತಾಯಿ. ನಾಳೆ ಮರದ ಕಾಲು ಹಚ್ಚಿಕೊಡುತ್ತೇನೆ” ಎಂದ. ರೈತನಿಗೆ ಹೊಸ ಬಾಗಿಲು ಮಾಡಿದ.

ಆಮೇಲೆ ಊರಿನ ವ್ಯಾಜ್ಯಗಳೂ ಅಲ್ಲೇ ತೀರತೊಡಗಿದವು. ಜಗಳವಾಡುವವರು ‘ಇರು, ಹಲಗೆಗೆ ಹೇಳುತ್ತೇನೆ’ ಎಂದು ಒಬ್ಬರನ್ನೊಬ್ಬರು ಹೆದರಿಸುತ್ತಿದ್ದರು.

ಶಿಷ್ಯ ಬಿಡಲಿಲ್ಲ. “ಕೊನೆಗೆ ಅದು ಬಾಗಿಲೋ, ಊಟವೋ, ಪಂಚಾಯಿತಿಯೋ? ಒಂದನ್ನು ಹೇಳಿಬಿಡಿ, ಬರೆದುಕೊಳ್ಳುತ್ತೇನೆ.”

“ಮೊದಲು ನೀನು ಹೇಳಪ್ಪ, ಹಸಿದು ಬಂದಿದ್ದೀಯೋ, ಜಗಳವಾಡಿಕೊಂಡು ಬಂದಿದ್ದೀಯೋ?” ಎಂದರು ಗುರುಗಳು.

ಶಿಷ್ಯ ಮೂರು ಅರ್ಥಗಳನ್ನೂ ಬರೆದುಕೊಂಡ.