ಬ್ರೇಕಿನವನು ಕಂಡ ಬೆಟ್ಟ

"ಅಜ್ಜಾರ, ನಾನು ಕೆಲಸ ಬಿಟ್ಟೀನಿ. ಕೆಲಸ ನನ್ನ ಬಿಡವಲ್ದು. ಏನು ಮಾಡ್ಲಿ?"

ಕೇಳಿದವನು ಶಿಷ್ಯ ಕೊಟ್ರಯ್ಯ. ಮಠದ ದಾಸೋಹದ ಒಲೆಯ ಮುಂದೆ ಮೂವತ್ತು ವರ್ಷ ನಿಂತವನು. ಬಂದವರೆಲ್ಲ ಉಂಡು ಎದ್ದ ಮೇಲೆ ಒಲೆಯ ಪಕ್ಕದಲ್ಲೇ ನಿಂತು ನಾಲ್ಕು ತುತ್ತು ತಿನ್ನುವುದು ಅವನ ರೂಢಿ. ಪಂಕ್ತಿಯಲ್ಲಿ ಒಂದು ದಿನವೂ ಎಲೆ ಹಾಕಿಸಿಕೊಂಡು ಕೂತವನಲ್ಲ. ಮೊಣಕಾಲು ಸೋತು, ಈ ಶ್ರಾವಣದಲ್ಲಿ ಸೌಟನ್ನು ಹೊಸ ಅಡುಗೆಯವನ ಕೈಗೆ ಕೊಟ್ಟಿದ್ದ. ಕೊಟ್ಟದ್ದು ಸೌಟು ಮಾತ್ರ. ಹೊತ್ತು ಹೊತ್ತಿಗೂ ಹೋಗಿ ಮುಚ್ಚಳ ತೆಗೆದು ನೋಡುತ್ತಿದ್ದ, ಉಪ್ಪು ಹಾಕುತ್ತಿದ್ದ, ಉರಿ ತಗ್ಗಿಸುತ್ತಿದ್ದ. ಆ ಬೆಳಿಗ್ಗೆ ಹೊಸಬನು, ಅವರು ಹೀಗೇ ಮಾಡಿದರೆ ನಾನು ಊರಿಗೆ ಹೋಗುತ್ತೇನೆ ಎಂದು ಬಟ್ಟೆಯ ಗಂಟು ಕಟ್ಟಿದ್ದ.

ಅಜ್ಜನವರು ಎಂದರೆ ಮಠದ ಹಿರಿಯ ಸ್ವಾಮಿಗಳು. ಅವರು ಕೊಟ್ರಯ್ಯನನ್ನು ಕೂರಿಸಿ ಈ ಕತೆ ಹೇಳಿದರು.

ಒಂದು ಬೆಟ್ಟದ ರೈಲು ಇತ್ತು. ಅದರ ಪ್ರತಿ ಬೋಗಿಯ ಮುಂಬದಿಯ ತೆರೆದ ಹಲಗೆಯ ಮೇಲೂ ಒಬ್ಬ ಬ್ರೇಕಿನವನು ನಿಲ್ಲಬೇಕು. ಇಳಿಜಾರಿನಲ್ಲಿ ಇಂಜಿನ್ನಿನ ಸಿಳ್ಳೆ ಕೇಳಿದೊಡನೆ ಕೈಯಿಂದ ಬ್ರೇಕಿನ ಚಕ್ರ ತಿರುಗಿಸಿ ಬೋಗಿಯನ್ನು ಹಿಡಿಯಬೇಕು. ಒಬ್ಬನು ಮೂವತ್ತೊಂದು ವರ್ಷ ಹಾಗೆ ಹಿಡಿದ. ಆ ಬೆಟ್ಟವನ್ನು ನೋಡಲು ಜನ ದೂರ ದೂರದಿಂದ ಬರುತ್ತಿದ್ದರು. ಅವನು ಒಂದು ದಿನವೂ ನೋಡಲಿಲ್ಲ. ಕಣ್ಣು ಹಳಿಯ ಮೇಲೆ, ಕಿವಿ ಸಿಳ್ಳೆಯ ಮೇಲೆ, ಕೈ ಚಕ್ರದ ಮೇಲೆ. ಮನೆಗೆ ಬಂದರೆ ಹೆಂಡತಿ, ಬೆಟ್ಟ ಹೇಗಿತ್ತು ಎಂದು ಕೇಳುವಳು. ಅವನಿಗೆ ಹೇಳಲು ಏನೂ ಇರುತ್ತಿರಲಿಲ್ಲ. ಕೆಲಸ ಮುಗಿಯಲಿ, ಇಬ್ಬರೂ ಟಿಕೆಟ್ ಕೊಂಡು ಕಿಟಕಿಯ ಪಕ್ಕ ಕೂತು ನೋಡೋಣ ಎಂದು ಮಾತು ಕೊಟ್ಟ. ಅವಳು ಆ ಮಾತನ್ನು ನಂಬಿ ಕಾದಳು.

ನಿವೃತ್ತಿಯಾಯಿತು. ರಜೆಯ ದಿನಗಳಾದ್ದರಿಂದ ಹತ್ತುವ ರೈಲಿಗೆ ಟಿಕೆಟ್ ಸಿಗಲಿಲ್ಲ. ಬಸ್ಸಿನಲ್ಲಿ ಮೇಲೆ ಹೋಗಿ, ಎರಡು ದಿನ ಇದ್ದು, ಇಳಿಯುವ ರೈಲಿನಲ್ಲಿ ಕೂತರು. ಹೆಂಡತಿ ಪೆಟ್ಟಿಗೆಯ ತಳದಲ್ಲಿದ್ದ ಸೀರೆ ಉಟ್ಟಿದ್ದಳು. ಅವಳನ್ನು ಒಂದು ಕಿಟಕಿಗೆ ಕೂರಿಸಿ ಅವನು ಎದುರಿನ ಸೀಟಿನಲ್ಲಿ ಕೂತ. ಈ ದಿನ ಕಣ್ತುಂಬ ನೋಡಿಯೇ ತೀರಬೇಕು ಎಂದುಕೊಂಡ. ಆ ಆಸೆ ಸುಳ್ಳಲ್ಲ.

ಮೊದಲ ಸಿಳ್ಳೆಗೇ ಅವನ ಕೈ ತೊಡೆಯ ಮೇಲೆ ತಿರುಗಿತು. ಹೆಂಡತಿ ಬೆರಳು ಮಾಡಿ ಕಣಿವೆ ತೋರಿಸಿದಳು. ಅವನು ಹೂಂ ಎಂದ. ಬ್ರೇಕು ತಡವಾಗಿ ಹಿಡಿಯಿತು ಎಂದು ಅವನ ಕಿವಿ ಹೇಳುತ್ತಿತ್ತು. ಝರಿ ಬಂತು, ಸೇತುವೆ ಬಂತು. ಅವನು ಕಾಲಡಿಯ ಹಲಗೆಯ ನಡುಕವನ್ನೇ ಆಲಿಸುತ್ತಿದ್ದ. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದುಕೊಂಡ ಮುದುಕಿ ಎಲ್ಲ ಊರಿನಲ್ಲೂ ಇರುತ್ತಾಳೆ. ಆ ದಿನ ರೈಲಿನಲ್ಲೂ ಇದ್ದಳು.

ನಡುವೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ರೈಲು ನಿಂತಿತು. ಅವನು ಇಳಿದು ಹೊಸ ಬ್ರೇಕಿನವನ ಬಳಿಗೆ ಹೋದ.

"ಸುರಂಗ ದಾಟಿದ ಮೇಲಿನ ತಿರುವಲ್ಲಿ ಚಕ್ರ ಒಂದೇ ಸಲ ಬಿಗೀಬೇಡ. ಸ್ವಲ್ಪ ಸ್ವಲ್ಪವೇ ಹಿಡಿ."

"ಗೊತ್ತು ಯಜಮಾನ್ರೆ. ಅದನ್ನ ನನಗೆ ಕಲಿಸಿದವರು ನೀವೇ ಅಲ್ವಾ?"

ಅವನಿಗೆ ನಾಚಿಕೆಯಾಯಿತು. ಆದರೂ ಹೋಗಿ ಕೂರಲು ಮನಸ್ಸು ಬರಲಿಲ್ಲ. ಬೋಗಿಯ ಮುಂಬದಿಯ ಗಾಜಿನ ಹತ್ತಿರ ನಿಂತು ಹೊಸಬನ ಕೈಯನ್ನೇ ನೋಡುತ್ತ ಬಂದ. ಸುರಂಗ ಕಳೆಯಿತು, ತಿರುವು ಬಂತು. ಹೊಸಬನು ಕಲಿತಂತೆಯೇ ಹಿಡಿದ. ಬೋಗಿ ಸ್ವಲ್ಪವೂ ಕುಲುಕದೆ ಇಳಿಯಿತು. ಮುಂದಿನ ತಿರುವಿನಲ್ಲೂ ಹಾಗೆಯೇ, ಅದರ ಮುಂದಿನದರಲ್ಲೂ ಹಾಗೆಯೇ. ಕೊನೆಗೆ ಅವನ ಎದೆ ಹಗುರಾಯಿತು. ಇನ್ನು ನೋಡಬಹುದು ಎಂದು ಬಂದು ಹೆಂಡತಿಯ ಎದುರು ಕೂತು ಕಿಟಕಿಗೆ ತಿರುಗಿದ. ಹೊರಗೆ ಊರಿನ ಮನೆಗಳು, ಒಣಹಾಕಿದ ಬಟ್ಟೆಗಳು, ಲೆವೆಲ್ ಕ್ರಾಸಿಂಗಿನಲ್ಲಿ ನಿಂತ ಲಾರಿ. ಬೆಟ್ಟ ಮುಗಿದಿತ್ತು.

ಅವನು ಹೆಂಡತಿಯ ಕಡೆಗೆ ತಿರುಗಿ ಕೇಳಿದ.

"ಬೆಟ್ಟ ಹೇಗಿತ್ತು?"

"ಚೆನ್ನಾಗಿತ್ತು. ನೀವೂ ಬಂದಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಕತೆ ಇಲ್ಲಿಗೆ ನಿಂತಿತು. ಅಷ್ಟರಲ್ಲಿ ದಾಸೋಹದ ಗಂಟೆ ಬಾರಿಸಿತು. ಕೊಟ್ರಯ್ಯ ದಡಕ್ಕನೆ ಎದ್ದು ಅಡುಗೆಮನೆಯ ಕಡೆಗೆ ಎರಡು ಹೆಜ್ಜೆ ಹಾಕಿದ. ಮೂರನೆಯದು ಏಳಲಿಲ್ಲ. ತಿರುಗಿ ಅಜ್ಜನವರನ್ನು ನೋಡಿದ.

ಅಜ್ಜನವರು ಹೇಳಿದರು: "ಕೊಟ್ರಯ್ಯ, ಇವತ್ತು ಊಟಕ್ಕ ನೀನೂ ಬಾ."