ಬೂದಿ ಕುದುರೆಯ ಜಾರೋ ಜೀನು

ಕಾಲು ಒದೆಯೋದು ನಿಲ್ಸು ಮಗ, ಕಂಬಳಿ ಹೊದ್ಕೊ. ಅಳೋ ಕತೆ ಬೇಡ ಅಂತ ಮೊದ್ಲೇ ರಾಗ ತೆಗೀಬೇಡ, ಇವತ್ತು ನನ್ನ ಬಾಯಿಗೆ ಇದೇ ಬಂದಿದೆ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ, ಕಲ್ಲುಗುಡ್ಡದ ಬುಡದಲ್ಲಿ ಪಾಲಯ್ಯ ಅಂತ ಒಬ್ಬ ಇದ್ದನಂತೆ. ಹೆಂಡ್ತಿ ತಿಪ್ಪಕ್ಕ, ಗಂಡುಮಕ್ಕಳು ಓಬ, ಬೋರ, ಕೊನೇಳು ದುರುಗಿ. ಆಮೇಲೆ ಬೂದಿ ಅಂತ ಒಂದು ಹೆಣ್ಣು ಕುದುರೆ, ಅದರ ಮೇಲೆ ಊರೂರಿಗೆ ಉಪ್ಪು ಹೇರ್ಕೊಂಡು ಹೋಗಿ ಮಾರಿ ಮನೆ ನಡೀತಿತ್ತಂತೆ.

ಒಂದಿನ ಪಾಲಯ್ಯ ಔಷಧಿ ತರೋಕೆ ಹೊರಟೋನು, ಹಳ್ಳದ ಹತ್ರ ಜೀನು ಜಾರಿ, ಬಂಡೆಗೆ ತಲೆ ಬಡಿದು ಸತ್ತೇಹೋದನಂತೆ. ಜೀನು ಅಂದ್ರೆ ಕುದುರೆ ಮೇಲೆ ಕೂರೋಕೆ ಹಾಕ್ತಾರಲ್ಲ, ಅದು. ಹೊಟ್ಟೆ ಸುತ್ತ ಪಟ್ಟಿ ಹಾಕಿ ಬಿಗೀತಾರೆ. ಅಯ್ಯೋ, ಈಗ್ಲೇ ಮೂಗು ಸೊರಸೊರ ಮಾಡ್ಬೇಡ್ವೋ.

ಊರೋರು ಬಂದು ಕುದುರೆ ಮೈಯೆಲ್ಲ ನೋಡಿ, ಹಣೆ ಮೇಲೆ ಎರಡು ಸುಳಿ ಅವೆ, ಯಜಮಾನನ್ನ ತಿನ್ನೋ ಸುಳಿ, ಇದನ್ನ ಗುಡ್ಡಕ್ಕೆ ಅಟ್ಟಿ ಅಂದ್ರಂತೆ. ಗುಡ್ಡದ ತುಂಬ ಚಿರತೆ! ಬೂದಿ ಹೋದ್ರೆ ನಾವೇನು ತಿನ್ನೋಣ ಅಂತ ಮಕ್ಕಳು ಗೌಡನ ಕಾಲಿಗೆ ಬಿದ್ರಂತೆ. ಸರಿ, ನಿಮ್ಮಲ್ಲಿ ಒಬ್ರಾದ್ರೂ ಹಳ್ಳದವರೆಗೆ ಹೋಗಿ ಬೀಳದೆ ಬಂದ್ರೆ ಇಟ್ಕೊಳ್ಳಿ, ಇಲ್ದಿದ್ರೆ ಹೊತ್ತು ಮುಳುಗೋದ್ರೊಳಗೆ ಅಟ್ಟಬೇಕು ಅಂದನಂತೆ ಗೌಡ. ತಿಪ್ಪಕ್ಕ ಮಾತ್ರ ಗಂಡ ಸತ್ತಾಗಿಂದ ಅನ್ನ ಇಲ್ಲ, ಮಾತಿಲ್ಲ, ಒಳಗೆ ಗೋಡೆ ಕಡೆ ಮುಖ ಮಾಡಿ ಕೂತಿದ್ದಳಂತೆ.

ಮೊದಲು ಓಬ ಹಲ್ಲು ಕಚ್ಚಿ ಪಟ್ಟಿ ಬಿಗಿದು ಹತ್ತಿದನಂತೆ. ಊರಬಾಗಿಲು ದಾಟೋದ್ರೊಳಗೆ ಜೀನು ಪಕ್ಕಕ್ಕೆ ವಾಲಿ, ಧೊಪ್ಪಂತ ಬಿದ್ದು ಕೈ ಮುರ್ಕೊಂಡ. ಆಮೇಲೆ ಬೋರ, ಅಣ್ಣನಿಗೆ ಬುದ್ಧಿ ಸಾಲದು ಅಂತ ಮೇಲೆ ಹಗ್ಗನೂ ಸುತ್ತಿ ಬಿಗಿದನಂತೆ. ಆ ಮಹಾ ಜಾಣ ಹೋಗಿ ಜಾಲಿ ಮುಳ್ಳಲ್ಲಿ ಬಿದ್ದ. ಪಾಪ ಬೂದಿ, ಹಗ್ಗ ಉಜ್ಜಿ ಹೊಟ್ಟೆಯೆಲ್ಲ ರಕ್ತ. ನೋಡಿದ್ರಾ ಸುಳಿ ಅಂತ ಊರೋರು.

ಆಮೇಲೆ ದುರುಗಿ ಜೀನು ಹಾಕಿ, ಬಾಗಿಲಲ್ಲಿ ನಿಂತು, ಅವ್ವಾ ಹೋಗ್ಬರ್ತೀನಿ ಅಂದಳಂತೆ. ಅವರಪ್ಪ ಕೊನೇಸಲ ಅಂದಿದ್ದೂ ಅದೇ. ತಿಪ್ಪಕ್ಕ ಎದ್ದು ಓಡಿಬಂದು, ಹತ್ಬೇಡ ಕಣೇ, ತಪ್ಪು ಸುಳೀದಲ್ಲ, ನಂದು ಅಂತ ಎದೆ ಬಡ್ಕೊಂಡು ಅತ್ತಳಂತೆ. ಪಟ್ಟಿ ಕಟ್ಟೋವಾಗ ಬೂದಿ ಉಸಿರು ಹಿಡಿದು ಹೊಟ್ಟೆ ಉಬ್ಬಿಸ್ತಾಳೆ, ನಾಲ್ಕು ಹೆಜ್ಜೆ ನಡೆದ್ರೆ ಉಸಿರು ಬಿಡ್ತಾಳೆ, ಪಟ್ಟಿ ಸಡಿಲ ಆಗುತ್ತೆ. ನಿಮ್ಮಪ್ಪ ದಿನಾ ನೀವು ಏಳೋಕೆ ಮುಂಚೆ ಬಾವಿ ಸುತ್ತ ಒಂದು ಸುತ್ತು ನಡೆಸಿ, ಇನ್ನೊಂದ್ಸಲ ಬಿಗಿದೇ ಹತ್ತೋರು. ಅವತ್ತು ನಿಂಗೆ ಜ್ವರ, ಮೈ ಕೆಂಡ. ಬಾವಿ ಸುತ್ತೋಕೆ ಇದೇನಾ ಹೊತ್ತು, ಹೋಗಿ ಹೋಗಿ ಅಂತ ನಾನೇ ಅಟ್ಟಿದೆ ಅಂದಳಂತೆ.

ದುರುಗಿ ಕಡಿವಾಣ ಅವ್ವನ ಕೈಗೆ ಕೊಟ್ಟಳಂತೆ. ಇಬ್ರೂ ಬಾವಿ ಸುತ್ತ ನಡೆಸಿದ್ರಂತೆ, ಬೂದಿ ಬುಸ್ಸಂತ ಉಸಿರು ಬಿಡ್ತಂತೆ, ಪಟ್ಟಿ ಜೋತುಬಿತ್ತಂತೆ, ಗಾಯಕ್ಕೆ ಮೆತ್ತಗೆ ಬಟ್ಟೆ ಇಟ್ಟು ಅವ್ವನೇ ಬಿಗಿದಳಂತೆ. ದುರುಗಿ ಹಳ್ಳಕ್ಕೆ ಹೋಗಿ, ಅಪ್ಪ ಬಿದ್ದ ಬಂಡೆ ನೋಡಿ ಅತ್ತು, ಬೀಳದೆ ವಾಪಸ್ ಬಂದಳಂತೆ. ಗೌಡ ತಲೆ ತಗ್ಗಿಸಿ ಮನೆಗೆ ಹೋದನಂತೆ.

ಅವತ್ತು ತಿಪ್ಪಕ್ಕ ಮಕ್ಕಳ ಜೊತೆ ಕೂತು ಮುದ್ದೆ ಉಂಡಳಂತೆ. ಆಮೇಲೆ ದುರುಗಿನೇ ಉಪ್ಪಿನ ವ್ಯಾಪಾರ ಹಿಡಿದು, ಎಲ್ರೂ ಹೊಟ್ಟೆ ತುಂಬ ಉಂಡು ಬಾಳಿದ್ರಂತೆ. ಅಪ್ಪನಾ? ಇಲ್ಲ ಮಗ, ಸತ್ತೋರು ಬರಲ್ಲ. ಆದ್ರೆ ದುರುಗಿ ಹೊರಡೋವಾಗೆಲ್ಲ ತಿಪ್ಪಕ್ಕ ಬಾವಿ ಹತ್ರ ನಿಂತು, ಅವಸರ ಇಲ್ಲ ಕಣೇ, ಇನ್ನೊಂದು ಸುತ್ತು ಹಾಕು ಅಂತಿದ್ದಳಂತೆ.

ಅಲ್ಲಿಗೆ ಕತೆನೂ ಮುಗೀತು, ಬೂದಿನೂ ಮಲಗ್ತು. ನೀನೂ ಮಲಕ್ಕೋ.