ಆಷಾಢದಲ್ಲಿ ಕಟ್ಟಿದ ತೆರಿಗೆ

ತೆರಿಗೆ ಕಟ್ಟಿಸುವುದರಲ್ಲಿ ನನ್ನನ್ನು ಮೀರಿಸಿದವರು ಇಡೀ ಜಿಲ್ಲೆಯಲ್ಲೇ ಇಲ್ಲ, ಬೇಕಿದ್ದರೆ ಕೇಳಿ. ಆಗ ನಾನು ದಾವಣಗೆರೆಯ ಚನ್ನವೀರಪ್ಪ ಸಾವ್ಕಾರ್ರ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ತೆರಿಗೆ ಕಟ್ಟಲು ಕೊನೆಯ ತಿಂಗಳಾದ ಜುಲೈ ಮುಗಿಯುತ್ತಾ ಬಂದರೂ ಸಾವ್ಕಾರ್ರು ಬಿಲ್ಲುಗಳ ಚೀಲ ಕೊಡಲೊಲ್ಲರು. ನನಗೆ ಕೂತಲ್ಲಿ ಕೂರಲಾಗದ ಚಡಪಡಿಕೆ.

“ಈಗ ಆಷಾಢ ಕಣಯ್ಯ, ಶ್ರಾವಣ ಬರಲಿ. ತಡವಾಗಿ ದಂಡ ಬಿದ್ದರೆ ನಿನ್ನ ಸಂಬಳದಲ್ಲಿ ಹಿಡೀತೀನಿ,” ಅಂದರು.

“ಆಗಲಿ ಸಾವ್ಕಾರ್ರೇ. ಒಳ್ಳೇ ತಿಂಗಳಲ್ಲಿ ಮಾಡಿದ್ದು ವರ್ಷವರ್ಷ ಬೆಳೀತದೆ. ನಿಮ್ಮ ತೆರಿಗೆನೂ ಬೆಳೀಲಿ ಬಿಡಿ,” ಅಂದೆ.

ಸಾವ್ಕಾರ್ರ ಬಾಯೊಳಗಿನ ಎಲೆಅಡಿಕೆ ಅಲ್ಲೇ ನಿಂತಿತು. ಒಳಗೆ ಹೋದವರು ಚೀಲವನ್ನು ತಾವೇ ಹೊತ್ತು ತಂದು ನನ್ನ ಮುಂದೆ ಸುರಿದರು. ಲೆಕ್ಕ ಮುಗಿಸಿ ತೆರಿಗೆ ಕಟ್ಟಲು ಹೊರಟರೆ, ಪಂಚಾಂಗ ಹಿಡಿದು ಬಾಗಿಲಿಗೆ ಅಡ್ಡ ನಿಂತರು.

“ಅವಸರ ಮಾಡಬೇಡ, ಕೂತ್ಕೋ. ರಾಹುಕಾಲ ಶುರುವಾದ ಮೇಲೆ ಕಟ್ಟು.”